ಮುಚ್ಚಿದ ರೈಲುದಾರಿ ಮತ್ತೆ ತೆರೆದಾಗ: ಊರಿನವರ ತಕರಾರಿಗೆ ಎಲ್ಲಿದೆ ಜಾಗ?

ಬಹುಕಾಲ ಮುಚ್ಚಿದ್ದ ರೈಲುದಾರಿಯಲ್ಲಿ ಮತ್ತೆ ಗಾಡಿ ಓಡುತ್ತದೆಂಬ ಸುದ್ದಿ ಬಂದರೆ, ದಿಲ್ಲಿಯಲ್ಲಿ ದುಡಿಯುತ್ತಿರುವ ನಮಗೆ ಮೊದಲು ನೆನಪಾಗುವುದು ರಜೆಯ ಪ್ರಯಾಣ. ಬಸ್ಸಿನ ಖರ್ಚು ಉಳಿಯಿತು, ಗಂಟುಮೂಟೆ ಹೊತ್ತು ಇಳಿದು ಹತ್ತುವುದು ತಪ್ಪಿತು ಎಂದು ಸಂತೋಷಪಡುತ್ತೇವೆ. ಅದೇ ಸುದ್ದಿ ಊರಿನಲ್ಲಿ ಮನೆಗೊಂದು ಬಗೆಯಾಗಿ ಕೇಳಿಸುತ್ತದೆ. ಹಳಿಯ ಆಚೆ ಗದ್ದೆಯುಳ್ಳವನು ಗಾಡಿ ದಾಟಿಸುವುದೆಲ್ಲಿ ಎಂದು ಯೋಚಿಸುತ್ತಾನೆ. ಹಳಿಯ ಪಕ್ಕ ಗುಡಿಸಲು ಹಾಕಿಕೊಂಡವನಿಗೆ ರಾತ್ರಿ ನಿದ್ದೆ ಬರುವುದಿಲ್ಲ. ಅಂಗಡಿಯವನಿಗೆ ನಿಲ್ದಾಣ ಎಲ್ಲಿ ಬರುತ್ತದೆಂಬುದೇ ದೊಡ್ಡ ಪ್ರಶ್ನೆ.

ನಮ್ಮ ವಾಚನಾಲಯದಲ್ಲಿ ಈ ಮಾತು ಬಂದಾಗಲೆಲ್ಲ ಗೆಳೆಯರು ಕೇಳುವ ಪ್ರಶ್ನೆ ಒಂದೇ: “ಇದಕ್ಕೆ ಪಂಚಾಯಿತಿಯ ಅಥವಾ ಪುರಸಭೆಯ ಒಪ್ಪಿಗೆ ಬೇಡವೆ? ಬೇಡವೆಂದಾದರೆ ನಮ್ಮ ತಕರಾರನ್ನು ಯಾರಿಗೆ ಹೇಳುವುದು?” ಕಾನೂನು ಓದಿದ ವಕೀಲ ನಾನಲ್ಲ, ಗಿರಣಿಯಲ್ಲಿ ಲೆಕ್ಕ ಬರೆಯುವವನು. ಆದರೂ ಕಾಯಿದೆಯ ಪುಸ್ತಕದಿಂದಲೂ ನಡೆದ ಸಂಗತಿಗಳಿಂದಲೂ ತಿಳಿದಷ್ಟನ್ನು ಇಲ್ಲಿ ಒಂದುಗೂಡಿಸಿದ್ದೇನೆ.

ದಾರಿ ಮುಚ್ಚುವುದು ಏಕೆ?

ನಮ್ಮ ನಾಡಿನಲ್ಲಿ ರೈಲುದಾರಿಗಳು ಮುಚ್ಚಿದ್ದಕ್ಕೆ ಮುಖ್ಯ ಕಾರಣ ಹಳಿಯ ಅಗಲ. ಬ್ರಿಟಿಷರ ಕಾಲದಲ್ಲಿ ಮೂರು ನಾಲ್ಕು ಬಗೆಯ ಹಳಿಗಳನ್ನು ಹಾಕಿದ್ದರು. ಬ್ರಾಡ್‌ಗೇಜಿನಲ್ಲಿ ಹಳಿಗಳ ನಡುವಿನ ಅಂತರ 1676 ಮಿಲಿಮೀಟರು, ಮೀಟರ್‌ಗೇಜಿನಲ್ಲಿ 1000, ನಮ್ಮ ಕೋಲಾರದ ಪುಟ್ಟ ರೈಲಿನದು 762. ಒಂದರ ಗಾಡಿ ಇನ್ನೊಂದರ ಮೇಲೆ ಓಡದು. ಎಲ್ಲವನ್ನೂ ಬ್ರಾಡ್‌ಗೇಜ್ ಮಾಡಬೇಕೆಂದು 1990ರ ದಶಕದಲ್ಲಿ ಸರ್ಕಾರ ತೀರ್ಮಾನಿಸಿದ ಮೇಲೆ, ಒಂದೊಂದೇ ದಾರಿಯನ್ನು ಮುಚ್ಚಿ ಹಳಿ ಬದಲಿಸುತ್ತ ಬಂದರು. ಹಣವಿದ್ದ ಕಡೆ ಕೆಲಸ ಬೇಗ ಮುಗಿಯಿತು. ಇಲ್ಲದ ಕಡೆ ವರ್ಷಗಟ್ಟಲೆ ಹುಲ್ಲು ಬೆಳೆಯಿತು.

ಕೋಲಾರ–ಚಿಕ್ಕಬಳ್ಳಾಪುರ ದಾರಿ ಬ್ರಾಡ್‌ಗೇಜ್ ಆಗಿ ತೆರೆದದ್ದು 2013ರಲ್ಲಿ. ಶಿವಮೊಗ್ಗ–ತಾಳಗುಪ್ಪ ದಾರಿಯಲ್ಲಿ ಕೆಲಕಾಲ ರೈಲ್‌ಬಸ್ ಓಡಿಸಿ, ಬಳಿಕ ಹಳಿ ಬದಲಿಸಿ, 2011ರಲ್ಲಿ ತಾಳಗುಪ್ಪದವರೆಗೆ ದೊಡ್ಡ ರೈಲು ತಂದರು. ಅಳ್ನಾವರದಿಂದ ದಾಂಡೇಲಿಯ ಅಂಬೇವಾಡಿಗೆ ಹೋಗುವ ಕಾಡಿನ ದಾರಿಯಲ್ಲಿ ಪ್ರಯಾಣಿಕರ ಗಾಡಿ ನಿಂತು ದಶಕಗಳೇ ಆಗಿದ್ದವು. 2019ರ ನವೆಂಬರಿನಲ್ಲಿ ಅದು ಮತ್ತೆ ಹೊರಟಿತು.

ಹಾಸನ–ಮಂಗಳೂರು ದಾರಿಯ ಪಾಠ

ಇವೆಲ್ಲಕ್ಕಿಂತ ದೊಡ್ಡ ಉದಾಹರಣೆ ಹಾಸನ–ಮಂಗಳೂರು ದಾರಿ. ಸುಮಾರು 189 ಕಿಲೋಮೀಟರಿನ ಈ ಮೀಟರ್‌ಗೇಜ್ ದಾರಿ ಪೂರ್ತಿಯಾಗಿ ತೆರೆದದ್ದು 1979ರಲ್ಲಿ. ಅದರಲ್ಲಿ ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗಿನ ಸುಮಾರು 55 ಕಿಲೋಮೀಟರು ಘಟ್ಟದ ಭಾಗ. ಅಲ್ಲಿ 57 ಸುರಂಗಗಳು. ಸೇತುವೆಗಳ ಲೆಕ್ಕ ನೂರನ್ನು ದಾಟುತ್ತದೆ. 50 ಅಡಿ ಮುಂದೆ ಹೋದರೆ ಒಂದು ಅಡಿ ಏರುವಷ್ಟು ಕಡಿದು. ಅಷ್ಟು ಕಷ್ಟಪಟ್ಟು ಕಟ್ಟಿದ ದಾರಿ ಹದಿನೇಳು ವರ್ಷ ಮಾತ್ರ ಪ್ರಯಾಣಿಕರಿಗೆ ದಕ್ಕಿತು. 1996ರಲ್ಲಿ ಹಳಿ ಬದಲಾವಣೆಗೆಂದು ಘಟ್ಟದ ಭಾಗವನ್ನು ಮುಚ್ಚಿದರು.

ಮುಚ್ಚುವಾಗ ಯಾರೂ ಇಷ್ಟು ಕಾಲ ಹಿಡಿಯುತ್ತದೆಂದು ಎಣಿಸಿರಲಿಲ್ಲ. 1998ರಲ್ಲಿ ಕೊಂಕಣ ರೈಲ್ವೆ ತೆರೆದು ಮಂಗಳೂರಿನವರಿಗೆ ಮುಂಬಯಿಗೂ ದಿಲ್ಲಿಗೂ ಹತ್ತಿರದ ದಾರಿ ಸಿಕ್ಕಿತು. ತಮ್ಮದೇ ರಾಜಧಾನಿಯಾದ ಬೆಂಗಳೂರಿಗೆ ಮಾತ್ರ ಅವರು ರಾತ್ರಿ ಬಸ್ಸಿನಲ್ಲಿ ಶಿರಾಡಿ ಘಟ್ಟ ಹತ್ತಬೇಕು, ಇಲ್ಲವೆ ಕೇರಳ ತಮಿಳುನಾಡುಗಳನ್ನು ಸುತ್ತುವ ರೈಲು ಹಿಡಿಯಬೇಕು. ಕಡೆಗೆ 2003ರಲ್ಲಿ ಕರ್ನಾಟಕ ಸರ್ಕಾರವೂ ರೈಲ್ವೆಯೂ ಸೇರಿ, ಬಂದರು ಮುಂತಾದವರ ಬಂಡವಾಳವನ್ನೂ ಕೂಡಿಸಿ, ಹಾಸನ–ಮಂಗಳೂರು ರೈಲು ಅಭಿವೃದ್ಧಿ ಕಂಪನಿಯೊಂದನ್ನು ಮಾಡಿದ ಮೇಲೆ ಕೆಲಸ ಚುರುಕಾಯಿತು. 2006ರ ಮೇ ತಿಂಗಳಲ್ಲಿ ಸರಕು ಗಾಡಿ ಓಡಿತು. ಪ್ರಯಾಣಿಕರ ಗಾಡಿ ಬಂದದ್ದು 2007ರ ಡಿಸೆಂಬರ್ 8ರಂದು. ಜನರ ಲೆಕ್ಕದಲ್ಲಿ ದಾರಿ ಹನ್ನೊಂದು ವರ್ಷ ಮುಚ್ಚಿತ್ತು.

ಇಲ್ಲಿ ಎರಡು ವಿಷಯಗಳನ್ನು ಗಮನಿಸಬೇಕು. ಮೊದಲನೆಯದು, ಸರಕು ಮುಂದೆ ಹೋಗಿ ಜನ ಹಿಂದೆ ಉಳಿದದ್ದು. ಹೊಸ ಮಂಗಳೂರು ಬಂದರಿಗೆ ಸರಕು ಸಾಗಿಸುವುದರಿಂದ ಆದಾಯ ಬರುತ್ತದೆ. ಹಾಕಿದ ಹಣ ಹುಟ್ಟಬೇಕಾದುದರಿಂದ ಅದಕ್ಕೆ ಮೊದಲ ಸ್ಥಾನ. ಊರಿನ ಪಕ್ಕ ದಾರಿ ತೆರೆದ ಮಾತ್ರಕ್ಕೆ ನಮ್ಮೂರಿನಲ್ಲಿ ಗಾಡಿ ನಿಲ್ಲುತ್ತದೆಂಬ ಭರವಸೆಯಿಲ್ಲ. ಎರಡನೆಯದು, ಘಟ್ಟದ ಮಣ್ಣು. 2018ರ ಆಗಸ್ಟಿನ ಮಳೆಗೆ ಗುಡ್ಡಗಳು ಕುಸಿದು ದಾರಿ ವಾರಗಟ್ಟಲೆ ನಿಂತಿತು. 2024ರ ಜುಲೈ ಕೊನೆಯಲ್ಲಿ ಎಡಕುಮೇರಿಯ ಬಳಿ ಮತ್ತೆ ಕುಸಿಯಿತು. ನೀರು ಇಳಿಯುವ ದಾರಿಯನ್ನೂ ಗುಡ್ಡದ ಇಳಿಜಾರನ್ನೂ ಕುರಿತು ಊರಿನವರು ಹೇಳುವ ಮಾತನ್ನು ಪ್ರಗತಿಗೆ ಅಡ್ಡಿಯೆಂದು ತಳ್ಳಿಹಾಕಬಾರದೆಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ.

ಹೆಸರು ಹಳೆಯದು, ಮೈ ಹೊಸದು

“ಇದ್ದ ದಾರಿಯನ್ನೇ ತೆರೆಯುತ್ತಾರೆ, ಅದಕ್ಕೇಕೆ ತಕರಾರು?” ಎಂದು ಕೆಲವರು ಕೇಳುತ್ತಾರೆ. ನಿಜವಾಗಿ ನೋಡಿದರೆ ಮತ್ತೆ ತೆರೆಯುವ ದಾರಿ ಹಳೆಯ ದಾರಿಯಲ್ಲ. ಸಣ್ಣ ಗಾಡಿ ಸುಲಭವಾಗಿ ತಿರುಗುತ್ತಿದ್ದ ತಿರುವಿನಲ್ಲಿ ದೊಡ್ಡ ಗಾಡಿ ವೇಗವಾಗಿ ತಿರುಗಲಾರದು. ಆದ್ದರಿಂದ ತಿರುವನ್ನು ನೆಟ್ಟಗೆ ಮಾಡಲು ಪಕ್ಕದ ಜಮೀನು ಬೇಕಾಗುತ್ತದೆ. ಭಾರದ ಗಾಡಿಗೆ ಏರಿಯನ್ನು ಅಗಲಿಸಿ ಎತ್ತರಿಸಬೇಕು. ಏರಿ ಎತ್ತರವಾದಾಗ ಮೋರಿ ಹಿಂದಿನಷ್ಟೇ ಇದ್ದರೆ ಮಳೆನೀರು ಒಂದು ಕಡೆ ನಿಂತು ಬೆಳೆ ಕೊಳೆಯುತ್ತದೆ, ಇನ್ನೊಂದು ಕಡೆ ಕೆರೆಗೆ ಹೋಗಬೇಕಾದ ನೀರು ತಪ್ಪುತ್ತದೆ.

ದಾಟುವ ವಿಷಯವೂ ಹಾಗೆಯೇ. ದಿನಕ್ಕೆ ಎರಡು ಗಾಡಿ ಓಡುತ್ತಿದ್ದ ಕಾಲದಲ್ಲಿ ಎಲ್ಲಿಂದಲಾದರೂ ದನ ಹೊಡೆದುಕೊಂಡು ದಾಟುತ್ತಿದ್ದರು. ಗಾಡಿ ನಿಂತ ಮೇಲಂತೂ ಅದು ದಾರಿಯೆಂಬುದೇ ಮರೆತುಹೋಗುತ್ತದೆ. ಶಾಲೆಯ ಮಕ್ಕಳಿಗೆ ಅದೇ ಕಾಲುದಾರಿ. ಆದರೆ ಕಾವಲುಗಾರನಿಲ್ಲದ ಗೇಟುಗಳಲ್ಲಿ ಪ್ರಾಣಹಾನಿ ಹೆಚ್ಚಿದ್ದರಿಂದ, ಬ್ರಾಡ್‌ಗೇಜ್ ದಾರಿಗಳಲ್ಲಿ ಅಂಥ ಗೇಟುಗಳನ್ನೆಲ್ಲ 2019ರ ಜನವರಿಯೊಳಗೆ ರೈಲ್ವೆ ತೆಗೆದುಹಾಕಿತು. ಹೊಸದಾಗಿ ತೆರೆಯುವ ದಾರಿಯಲ್ಲಿ ಗೇಟಿನ ಬದಲು ಸಾಮಾನ್ಯವಾಗಿ ಕೆಳಸೇತುವೆ ಮಾಡುತ್ತಾರೆ. ಕೆಳಸೇತುವೆ ಒಳ್ಳೆಯದೇ, ಆದರೆ ನೀರು ಹೊರಹೋಗುವ ಏರ್ಪಾಡು ಸರಿಯಿಲ್ಲದಿದ್ದರೆ ಮಳೆಗಾಲದಲ್ಲಿ ಅದು ಹೊಂಡವಾಗುತ್ತದೆ. ಅದರ ಎತ್ತರ ಕಡಿಮೆಯಾದರೆ ಹುಲ್ಲು ಹೇರಿದ ಗಾಡಿ ಒಳಗೆ ನುಗ್ಗದು. ಊರಿನವರ ತಕರಾರುಗಳಲ್ಲಿ ಬಹುಪಾಲು ಇಂಥವೇ. ರೈಲು ಬೇಡವೆನ್ನುವವರು ಕಡಿಮೆ. ಮೋರಿ, ಸೇತುವೆ, ದಾರಿ, ನಿಲ್ದಾಣ ಸರಿಯಾಗಿರಲಿ ಎನ್ನುವವರೇ ಹೆಚ್ಚು.

ಕಾಯಿದೆ ಏನು ಹೇಳುತ್ತದೆ?

ಈಗ ಮುಖ್ಯ ಪ್ರಶ್ನೆಗೆ ಬರೋಣ. ಮನೆ ಕಟ್ಟಲು ನಮಗೆ ಪುರಸಭೆಯ ಪರವಾನಗಿ ಬೇಕು. ರೈಲ್ವೆಗೆ ಬೇಡ. 1989ರ ರೈಲ್ವೆ ಕಾಯಿದೆಯ 11ನೆಯ ಕಲಮು, ಬೇರೆ ಕಾಯಿದೆಗಳಲ್ಲಿ ಏನೇ ಇದ್ದರೂ ರೈಲುದಾರಿಗೆ ಬೇಕಾದ ಕೆಲಸಗಳನ್ನು ಮಾಡುವ ಅಧಿಕಾರವನ್ನು ರೈಲ್ವೆಗೆ ಕೊಡುತ್ತದೆ. ಜಮೀನು ವಶಪಡಿಸಿಕೊಳ್ಳುವ ನಿಯಮಗಳಿಗೆ ಮಾತ್ರ ಅದು ಒಳಪಡಬೇಕು. ಹೆದ್ದಾರಿಗಳಿಗೆ ಇರುವಂತೆ ಪರಿಸರದ ವಿಷಯದಲ್ಲಿ ಸಾರ್ವಜನಿಕ ವಿಚಾರಣೆಯೂ ಇಲ್ಲ. 2006ರ ಪರಿಸರ ಪರಿಣಾಮ ಅಧಿಸೂಚನೆಯ ಪಟ್ಟಿಯಲ್ಲಿ ರೈಲುದಾರಿ ಸೇರಿಲ್ಲ.

ಇಂಗ್ಲೆಂಡಿನಲ್ಲಿ ಹೀಗಲ್ಲ. ಅಲ್ಲಿ 1963ರ ಬೀಚಿಂಗ್ ವರದಿಯ ಕಾಲದಲ್ಲಿ ನೂರಾರು ನಿಲ್ದಾಣಗಳು ಮುಚ್ಚಿದವು. ಬ್ರಿಸ್ಟಲ್ ಬಳಿಯ ಪೋರ್ಟಿಸ್‌ಹೆಡ್ ಊರಿಗೆ 1964ರಲ್ಲಿ ಪ್ರಯಾಣಿಕರ ಗಾಡಿ ನಿಂತಿತು. ಅದನ್ನು ಮತ್ತೆ ತೆರೆಯಲು 2019ರಲ್ಲಿ ಸಲ್ಲಿಸಿದ ಅರ್ಜಿಯನ್ನು ಊರಿನವರ ಆಕ್ಷೇಪಣೆಗಳ ಸಮೇತ ಬಹಿರಂಗವಾಗಿ ಪರೀಕ್ಷಿಸಿ, 2022ರ ನವೆಂಬರಿನಲ್ಲಿ ಒಪ್ಪಿಗೆ ಕೊಟ್ಟರು. ನಡುವೆ ಬಳಕೆಯಿಲ್ಲದೆ ಬಿದ್ದಿದ್ದ ಹಳಿ ಮೂರೇ ಮೈಲಿ. ವಿಚಾರಣೆಗೆ ಹಿಡಿದದ್ದು ಮೂರು ವರ್ಷ. ಅಲ್ಲಿನವರು ಇದು ಅತಿಯಾಯಿತೆಂದು ಗೊಣಗುತ್ತಾರೆ. ನಮ್ಮಲ್ಲಿ ಅದಕ್ಕೆ ವಿರುದ್ಧವಾದ ತೊಂದರೆ: ತಕರಾರು ಕೇಳುವ ಒಂದು ದೊಡ್ಡ ಬಾಗಿಲಿಲ್ಲ, ಅಲ್ಲಲ್ಲಿ ಚಿಕ್ಕ ಬಾಗಿಲುಗಳಿವೆ. ಅವು ಯಾವುವೆಂದು ತಿಳಿದಿರಬೇಕು, ಎಷ್ಟು ದಿನ ತೆರೆದಿರುತ್ತವೆಂಬುದನ್ನೂ ತಿಳಿದಿರಬೇಕು.

ಮೊದಲನೆಯ ಬಾಗಿಲು ಜಮೀನಿನದು. 2008ರಲ್ಲಿ ರೈಲ್ವೆ ಕಾಯಿದೆಗೆ ಸೇರಿಸಿದ ಅಧ್ಯಾಯದ ಪ್ರಕಾರ, ವಿಶೇಷ ರೈಲ್ವೆ ಯೋಜನೆಗೆ ಜಮೀನು ಬೇಕಾದರೆ ಗೆಜೆಟ್ಟಿನಲ್ಲಿ ಪ್ರಕಟಣೆ ಕೊಡಬೇಕು. ಅದರ ಸಾರಾಂಶವನ್ನು ಎರಡು ಸ್ಥಳೀಯ ಪತ್ರಿಕೆಗಳಲ್ಲಿ ಹಾಕಿಸಬೇಕು. ಒಂದು ಊರಿನ ಭಾಷೆಯದಾಗಿರಬೇಕು. ಪ್ರಕಟಣೆಯಾದ 30 ದಿನದೊಳಗೆ ಜಮೀನಿನಲ್ಲಿ ಹಕ್ಕುಳ್ಳವರು ಲಿಖಿತವಾಗಿ ಆಕ್ಷೇಪಣೆ ಸಲ್ಲಿಸಬಹುದು. ಸ್ವತಃ ಹೋಗಿ ಅಥವಾ ವಕೀಲರ ಮೂಲಕ ಅಹವಾಲು ಹೇಳಿಕೊಳ್ಳುವ ಅವಕಾಶವನ್ನು ಅಧಿಕಾರಿ ಕೊಡಲೇಬೇಕು. 2013ರ ಭೂಸ್ವಾಧೀನ ಕಾಯಿದೆಯ ಪ್ರಕಾರ ಜಮೀನು ತೆಗೆದುಕೊಂಡರೆ ಆಕ್ಷೇಪಣೆಯ ಅವಧಿ 60 ದಿನ. ಯಾವ ಕಾಯಿದೆಯಡಿ ನೋಟೀಸು ಬಂದಿದೆಯೆಂದು ಮೊದಲು ನೋಡಬೇಕಾದದ್ದು ಈ ಕಾರಣದಿಂದ. ಪರಿಹಾರದ ಮೊತ್ತ ಸಾಲದೆಂಬ ಜಗಳ ಬೇರೆ. ರೈಲ್ವೆ ಕಾಯಿದೆಯಲ್ಲಿ ಅದು ಪಂಚಾಯಿತಿದಾರನ, ಅಂದರೆ ಸರ್ಕಾರ ನೇಮಿಸುವ ಮಧ್ಯಸ್ಥನ ಮುಂದೆ ಹೋಗುತ್ತದೆ.

ಎರಡನೆಯ ಬಾಗಿಲು ದಾಟುದಾರಿ ಮತ್ತು ನೀರಿನದು. ಇದನ್ನು ನಮ್ಮವರಲ್ಲಿ ಹೆಚ್ಚು ಜನ ತಿಳಿದಿಲ್ಲ. ಕಾಯಿದೆಯ 16ನೆಯ ಕಲಮಿನ ಪ್ರಕಾರ, ರೈಲುದಾರಿಯಿಂದ ಅಕ್ಕಪಕ್ಕದ ಜಮೀನಿನ ಬಳಕೆಗೆ ಆಗುವ ಅಡಚಣೆಯನ್ನು ನಿವಾರಿಸಲು ದಾಟುದಾರಿ, ಸೇತುವೆ, ಮೋರಿ, ಚರಂಡಿಗಳನ್ನು ರೈಲ್ವೆಯೇ ತನ್ನ ಖರ್ಚಿನಲ್ಲಿ ಮಾಡಿಕೊಡಬೇಕು. ದಾಟುದಾರಿಗಳು ಎಲ್ಲಿ ಅಗತ್ಯವೆಂಬುದನ್ನು ನಿರ್ಣಯಿಸುವುದು ರಾಜ್ಯ ಸರ್ಕಾರ. ಅಂದರೆ ನಮ್ಮ ಅರ್ಜಿ ರೈಲ್ವೆ ಕಛೇರಿಗೆ ಹೋದಂತೆಯೇ ಜಿಲ್ಲಾಧಿಕಾರಿಗಳಿಗೂ ಹೋಗಬೇಕು.

ಆದರೆ ಅದೇ ಕಲಮಿನಲ್ಲಿ ಒಂದು ಗಂಟೂ ಇದೆ. ಆ ಜಮೀನಿನ ಮೇಲೆ ಹಾದುಹೋಗುವ ದಾರಿ ಸಾರ್ವಜನಿಕರಿಗೆ ತೆರೆದು ಹತ್ತು ವರ್ಷ ಕಳೆದ ಮೇಲೆ, ಹೆಚ್ಚಿನ ಮೋರಿ ಸೇತುವೆಗಳನ್ನು ಮಾಡಿಕೊಡುವ ಹೊಣೆ ರೈಲ್ವೆಯ ಮೇಲಿಲ್ಲ. ಬೇಕಾದವರು, ಅಂದರೆ ಜಮೀನುದಾರರೋ ರಾಜ್ಯ ಸರ್ಕಾರವೋ ಪಂಚಾಯಿತಿಯೋ, ಖರ್ಚು ಕೊಟ್ಟು ಮಾಡಿಸಿಕೊಳ್ಳಬೇಕು. ಮತ್ತೆ ತೆರೆಯುವ ದಾರಿಗೆ ಈ ಗಂಟು ಬಿಗಿಯಾಗಿ ಕೂರುತ್ತದೆ. ದಾರಿ ಮೊದಲು ತೆರೆದದ್ದು 1979ರಲ್ಲಿ ಅಥವಾ ಅದಕ್ಕೂ ಹಿಂದೆ, ಹತ್ತು ವರ್ಷ ಎಂದೋ ಮುಗಿಯಿತು ಎಂದು ರೈಲ್ವೆ ಹೇಳಬಹುದು. ಆದ್ದರಿಂದ ಹೊಸ ಹಳಿ ಹಾಕುವ ನಕ್ಷೆ ತಯಾರಾಗುವಾಗಲೇ, ಕೆಲಸದ ಅಂದಾಜುಪಟ್ಟಿಯಲ್ಲೇ, ನಮ್ಮ ಮೋರಿ ಸೇರುವಂತೆ ನೋಡಿಕೊಳ್ಳಬೇಕು. ಅಂದಾಜುಪಟ್ಟಿ ಮುಗಿದ ಮೇಲೆ ಕೇಳಿದ ಮೋರಿಗೆ ದುಡ್ಡು ಹುಡುಕುವುದು ಎಷ್ಟು ಕಷ್ಟವೆಂಬುದು ಲೆಕ್ಕ ಬರೆಯುವ ಯಾವ ಗುಮಾಸ್ತನಿಗಾದರೂ ಗೊತ್ತು.

ಮೂರನೆಯ ಬಾಗಿಲು ಕಾಡಿನದು. ದಾರಿ ಅಭಯಾರಣ್ಯದೊಳಗೆ ಹೋಗುವುದಾದರೆ 1972ರ ವನ್ಯಜೀವಿ ಕಾಯಿದೆಯಂತೆ ರಾಷ್ಟ್ರೀಯ ವನ್ಯಜೀವಿ ಮಂಡಳಿಯ ಸ್ಥಾಯಿ ಸಮಿತಿ ನೋಡಬೇಕು. ಕೊನೆಯದಾಗಿ ಸುರಕ್ಷತೆ. ರೈಲ್ವೆ ಸುರಕ್ಷತಾ ಕಮಿಷನರು ಪರೀಕ್ಷಿಸದೆ ಜನರ ಗಾಡಿ ಓಡುವಂತಿಲ್ಲ. ಇವರು ರೈಲ್ವೆ ಮಂತ್ರಾಲಯದ ಕೈಕೆಳಗಿನವರಲ್ಲ, ನಾಗರಿಕ ವಿಮಾನಯಾನ ಮಂತ್ರಾಲಯಕ್ಕೆ ಸೇರಿದವರು. ತನ್ನ ಕೆಲಸಕ್ಕೆ ತಾನೇ ಅಂಕ ಹಾಕಿಕೊಳ್ಳಬಾರದೆಂಬ ಒಳ್ಳೆಯ ಏರ್ಪಾಡು ಇದು.

ತಕರಾರು ನಿಂತ ಎರಡು ಕಡೆ

ಊರಿನವರ ಮಾತು ಎಂದಾದರೂ ನಡೆದಿದೆಯೆ ಎಂದರೆ, ನಡೆದಿದೆ. 1964ರ ಡಿಸೆಂಬರಿನ ಚಂಡಮಾರುತ ರಾಮೇಶ್ವರದಾಚೆಯ ಧನುಷ್ಕೋಟಿಯನ್ನು ರೈಲು, ನಿಲ್ದಾಣ, ಊರು ಸಮೇತ ಅಳಿಸಿಹಾಕಿತು. ಆ ದಾರಿಯನ್ನು, ಸುಮಾರು 17 ಕಿಲೋಮೀಟರು, ಮತ್ತೆ ಹಾಕಲು 2019ರ ಮಾರ್ಚ್ 1ರಂದು ಶಂಕುಸ್ಥಾಪನೆಯಾಯಿತು. ಯಾತ್ರಿಕರಿಗೆ ಸಂತೋಷ. ಆದರೆ ಆ ಮರಳಿನ ನಾಲಿಗೆಯ ಎರಡು ಕಡೆಯೂ ಸಮುದ್ರ. ಮೀನುಗಾರರ ಬದುಕು, ಕಡಲಾಮೆಗಳು ಮೊಟ್ಟೆಯಿಡುವ ತೀರ ಅಲ್ಲಿವೆ. ಪರಿಸರದ ಕಾರಣದಿಂದ ತಮಿಳುನಾಡು ಸರ್ಕಾರ ಒಪ್ಪಲಿಲ್ಲ, ಯೋಜನೆಯನ್ನು ಕೈಬಿಡಲಾಯಿತು.

ಎರಡನೆಯದು ನಮ್ಮ ಗಡಿಯದೇ. ಉತ್ತರ ಕನ್ನಡದ ಕ್ಯಾಸಲ್‌ರಾಕ್‌ನಿಂದ ಗೋವೆಯ ಕುಳೇಂಗೆ ಇಳಿಯುವ ಘಟ್ಟದ ದಾರಿಯನ್ನು ಜೋಡಿಮಾರ್ಗ ಮಾಡಲು ವನ್ಯಜೀವಿ ಮಂಡಳಿಯ ಸಮಿತಿ ಒಪ್ಪಿತ್ತು. ಇದು ಮುಚ್ಚಿದ ದಾರಿಯಲ್ಲ. ಓಡುವ ದಾರಿಯ ಪಕ್ಕ ಇನ್ನೊಂದು. ಆದರೂ ಪ್ರಶ್ನೆ ಒಂದೇ ಬಗೆಯದು: ಒಂದು ದಾರಿ ಮೊದಲೇ ಇದೆಯೆಂಬ ಕಾರಣಕ್ಕೆ ಹೊಸದಕ್ಕೆ ವಿಚಾರಣೆ ಬೇಡವೆ? ಗೋವೆಯ ಜನರ ತಕರಾರು ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಕಾಡಿನ ಮೇಲಾಗುವ ಪರಿಣಾಮವನ್ನೂ ಯೋಜನೆಯ ಅಗತ್ಯವನ್ನೂ ಸರಿಯಾಗಿ ಪರಿಶೀಲಿಸಿಲ್ಲವೆಂದು 2022ರ ಮೇ 9ರಂದು ಕೋರ್ಟು ಆ ಒಪ್ಪಿಗೆಯನ್ನು ರದ್ದುಮಾಡಿತು. ಸರಿಯಾದ ಅಧ್ಯಯನದೊಡನೆ ಮತ್ತೆ ಕೇಳುವ ಬಾಗಿಲನ್ನು ಮಾತ್ರ ಮುಚ್ಚಲಿಲ್ಲ.

ಹಳಿಯ ಪಕ್ಕದ ಗುಡಿಸಲು

ಮುಚ್ಚಿದ ದಾರಿಯ ಮೇಲೆ ಜನ ನೆಲೆಸುವುದು ಸಹಜ. ಖಾಲಿ ಜಾಗ, ಬಾಡಿಗೆಯಿಲ್ಲ, ಕೇಳುವವರಿಲ್ಲ. ಆದರೆ ಹಳಿ ತುಕ್ಕು ಹಿಡಿದರೂ ಒಡೆತನ ತುಕ್ಕು ಹಿಡಿಯುವುದಿಲ್ಲ. 1971ರ ಸಾರ್ವಜನಿಕ ಸ್ಥಳಗಳ ತೆರವು ಕಾಯಿದೆಯಂತೆ ನೋಟೀಸು ಕೊಟ್ಟು ರೈಲ್ವೆ ಎಬ್ಬಿಸಬಹುದು.

ದಿಲ್ಲಿಯವರಾದ ನಮಗೆ ಇದು ದೂರದ ಮಾತಲ್ಲ. ಸಫ್ದರ್‌ಜಂಗ್, ಸರೋಜಿನಿ ನಗರದ ಮೂಲಕ ಹಾದುಹೋಗುವ ರಿಂಗ್ ರೈಲ್ವೆಯನ್ನು 1975ರಲ್ಲಿ ಸರಕಿಗಾಗಿ ತೆರೆದು, 1982ರ ಏಷ್ಯನ್ ಕ್ರೀಡೆಗಳ ವೇಳೆಗೆ ಜನರ ಗಾಡಿಗೂ ಸಿದ್ಧಪಡಿಸಿದ್ದರು. ದಿಲ್ಲಿಯ ಹಳಿಗಳ ಪಕ್ಕದಲ್ಲೆಲ್ಲ ದುಡಿಯುವ ಜನರ ಗುಡಿಸಲುಗಳಿವೆ. 2020ರ ಆಗಸ್ಟ್ 31ರಂದು ಸುಪ್ರೀಂ ಕೋರ್ಟು ದಿಲ್ಲಿಯ ಸುಮಾರು 140 ಕಿಲೋಮೀಟರ್ ಹಳಿಯ ಪಕ್ಕದ ಸುಮಾರು 48,000 ಗುಡಿಸಲುಗಳನ್ನು ಮೂರು ತಿಂಗಳಲ್ಲಿ ತೆಗೆಯಬೇಕೆಂದಿತು. ಗಲಾಟೆಯಾದ ಮೇಲೆ, ಒಂದು ತೀರ್ಮಾನಕ್ಕೆ ಬರುವ ತನಕ ತೆಗೆಯುವುದಿಲ್ಲವೆಂದು ಕೇಂದ್ರ ಸರ್ಕಾರ ಕೋರ್ಟಿಗೆ ತಿಳಿಸಿತು. 2023ರ ಜನವರಿ 5ರಂದು ಹಲ್ದ್ವಾನಿಯ ಪ್ರಕರಣದಲ್ಲಿ ಅದೇ ಕೋರ್ಟು, ಸಾವಿರಾರು ಜನರನ್ನು ಏಳು ದಿನದಲ್ಲಿ ಕಿತ್ತುಹಾಕಲಾಗದು, ಪುನರ್ವಸತಿಯ ಯೋಚನೆಯಾಗಬೇಕು ಎಂದು ತಡೆಯಾಜ್ಞೆ ಕೊಟ್ಟಿತು. ಜಾಗದ ಮೇಲೆ ಹಕ್ಕಿಲ್ಲದವನಿಗೂ ಮನುಷ್ಯನಂತೆ ನಡೆಸಿಕೊಳ್ಳಿರೆಂದು ಕೇಳುವ ಹಕ್ಕಿದೆಯೆಂಬುದು ಇದರ ಅರ್ಥ. ಆ ಹಕ್ಕನ್ನು ಕೇಳಲು ಪಡಿತರ ಚೀಟಿ, ಮತದಾರರ ಪಟ್ಟಿ, ವಿದ್ಯುತ್ತಿನ ರಸೀದಿ ಮುಂತಾದ ಕಾಗದಗಳನ್ನು ಜೋಪಾನವಾಗಿಟ್ಟಿರಬೇಕು.

ದೂರದಲ್ಲಿರುವ ನಾವು ಮಾಡಬೇಕಾದದ್ದು

ಈ ವಿಷಯದಲ್ಲಿ ಎಲ್ಲರಿಗಿಂತ ಹೆಚ್ಚು ನಷ್ಟಪಡುವವನು ಊರಿನಲ್ಲಿ ಜಮೀನಿದ್ದು ಪರವೂರಿನಲ್ಲಿ ದುಡಿಯುವವನು. ಪ್ರಕಟಣೆ ಊರಿನ ಪತ್ರಿಕೆಯಲ್ಲಿ ಬರುತ್ತದೆ, ಅವನು ಇಲ್ಲಿರುತ್ತಾನೆ. ಮನೆಯಲ್ಲಿ ವಯಸ್ಸಾದ ತಾಯಿ ಇರುತ್ತಾರೆ. ಅಂಚೆಯವನು ತಂದ ಕಾಗದವನ್ನು ದೇವರ ಗೂಡಿನಲ್ಲಿಟ್ಟು, ಮಗ ಬಂದಾಗ ತೋರಿಸಿದರಾಯಿತು ಎನ್ನುತ್ತಾರೆ. ಮಗ ದೀಪಾವಳಿಗೆ ಹೋಗುವ ಹೊತ್ತಿಗೆ 30 ದಿನ ಕಳೆದಿರುತ್ತದೆ. ಪಹಣಿ ಇನ್ನೂ ತಾತನ ಹೆಸರಿನಲ್ಲಿದ್ದರೆ ನೋಟೀಸೂ ತೀರಿಹೋದ ತಾತನ ಹೆಸರಿಗೇ ಬರುತ್ತದೆ, ಪರಿಹಾರವೂ ಅಣ್ಣತಮ್ಮಂದಿರ ವ್ಯಾಜ್ಯದಲ್ಲಿ ಸಿಕ್ಕಿಕೊಳ್ಳುತ್ತದೆ.

ಆದುದರಿಂದ ಊರಿನ ಹತ್ತಿರ ಹಳೆಯ ರೈಲುದಾರಿಯಿರುವ ಗೆಳೆಯರು ಕೆಲವು ಕೆಲಸಗಳನ್ನು ಈಗಲೇ ಮಾಡಿಟ್ಟುಕೊಳ್ಳುವುದು ಒಳ್ಳೆಯದು. ಖಾತೆ, ಪಹಣಿಗಳನ್ನು ಬದುಕಿರುವವರ ಹೆಸರಿಗೆ ಮಾಡಿಸಿ. ಸರ್ಕಾರಿ ಮುದ್ರೆಯ ಯಾವ ಕಾಗದ ಬಂದರೂ ಆ ದಿನವೇ ಫೋಟೋ ತೆಗೆದು ಕಳಿಸಬೇಕೆಂದು ಪಕ್ಕದ ಮನೆಯ ಹುಡುಗನಿಗೋ ಶಾಲೆಯ ಮೇಷ್ಟರಿಗೋ ಹೇಳಿಡಿ. ನೀವು ಹೋಗಲಾಗದಿದ್ದರೆ ನಿಮ್ಮ ಪರವಾಗಿ ನಿಲ್ಲಲು ನಂಬಿಕಸ್ಥರಿಗೆ ಅಧಿಕಾರಪತ್ರ ಬರೆದುಕೊಡಿ. ಆಕ್ಷೇಪಣೆ ಬರೆಯುವಾಗ “ರೈಲು ಬೇಡ” ಎಂಬ ಒಂದೇ ಮಾತಿಗಿಂತ, ಇಂಥ ಸರ್ವೆ ನಂಬರಿನ ಬಳಿ ಇಷ್ಟು ಅಗಲದ ಮೋರಿಯಿತ್ತು, ಇಷ್ಟು ಮನೆಗಳವರು ದಿನಾ ದಾಟುತ್ತಾರೆ, ಇಂಥಲ್ಲಿ ಕೆಳಸೇತುವೆ ಬೇಕು ಎಂದು ಬರೆದರೆ ತೂಕ ಹೆಚ್ಚು. ಒಬ್ಬನ ಅರ್ಜಿಗಿಂತ ಗ್ರಾಮಸಭೆಯ ನಿರ್ಣಯಕ್ಕೆ ಬೆಲೆ ಹೆಚ್ಚು. ಕೊಟ್ಟ ಅರ್ಜಿಗೆ ಸ್ವೀಕೃತಿಯ ಮುದ್ರೆ ಹಾಕಿಸಿಕೊಳ್ಳುವುದನ್ನು ಮರೆಯಬೇಡಿ.

ಸಕಲೇಶಪುರದ ಘಟ್ಟದಲ್ಲಿ ಹನ್ನೊಂದು ವರ್ಷ ಗಾಡಿ ನಿಂತದ್ದು ಊರಿನವರ ತಕರಾರಿನಿಂದಲ್ಲ, ಹಣವೂ ಮನಸ್ಸೂ ಸಾಲದ್ದರಿಂದ. ತಕರಾರು ಹೇಳುವವನನ್ನು ರೈಲಿನ ಶತ್ರುವೆಂದು ತಿಳಿಯಬೇಕಾಗಿಲ್ಲ. ನಾವು ಆ ಗಾಡಿಯಲ್ಲಿ ಕಿಟಕಿಯ ಪಕ್ಕ ಕುಳಿತು ಊರಿಗೆ ಹೋಗುವವರು. ಅವನು ದಿನಕ್ಕೆ ನಾಲ್ಕು ಸಲ ಆ ಹಳಿಯನ್ನು ದಾಟುವವನು. ಇಬ್ಬರ ಲೆಕ್ಕವೂ ಒಂದೇ ಅಂದಾಜುಪಟ್ಟಿಯಲ್ಲಿ ಸೇರಬೇಕು. ರೈಲ್ವೆ ಕಾಯಿದೆಯ ಪ್ರತಿಯನ್ನು ಓದಬೇಕೆನ್ನುವವರು, ಊರಿನಿಂದ ಬಂದ ನೋಟೀಸನ್ನು ಅರ್ಥ ಮಾಡಿಕೊಳ್ಳಬೇಕೆನ್ನುವವರು ಭಾನುವಾರ ಬೆಳಿಗ್ಗೆ ವಾಚನಾಲಯಕ್ಕೆ ಬರಲಿ, ಕೂಡಿ ಓದೋಣ.